ಹೇಳಿ ಮಾಡಿಸಿದ ಕೋಲು, ಆಯ್ದು ಕಟ್ಟಿದ ಸಂಘ

ಮಂಚಿಕೇರಿಯ ಕಡೆಯಿಂದ ವಾಚಕರೊಬ್ಬರು ನಮಗೆ ಹೀಗೆ ಬರೆದಿರುವರು: “ನಮ್ಮ ಸೀಮೆಯಲ್ಲಿ ಮರಗೆಲಸವನ್ನು ಚೆನ್ನಾಗಿ ಬಲ್ಲವರು ಕೆಲವರಿದ್ದಾರೆ. ಬಿಲಿಯರ್ಡ್ಸ್ ಆಟದ ಕೋಲನ್ನು ಹೇಳಿ ಮಾಡಿಸುವವರು ಪಟ್ಟಣಗಳಲ್ಲಿದ್ದಾರೆಂದೂ, ಒಳ್ಳೆಯ ಕೋಲಿಗೆ ಒಳ್ಳೆಯ ಬೆಲೆಯುಂಟೆಂದೂ ಕೇಳಿದ್ದೇವೆ. ಆಯ್ದ ಕೆಲವರದೇ ಒಂದು ಸಂಘವನ್ನು ಕಟ್ಟಿ ಈ ಕೆಲಸವನ್ನು ಕೈಗೊಳ್ಳಬಹುದೇ? ಕಟ್ಟಿದಲ್ಲಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು?”

ಕೋಲು ಸಣ್ಣ ವಸ್ತು. ಆದರೆ ಪತ್ರದ ಕೊನೆಯ ಪ್ರಶ್ನೆಯು ಸಣ್ಣದಲ್ಲ. ಕೈಕಸುಬಿನವರ ಸಂಘಗಳು ಬಾಳುವುದೂ ಅಳಿಯುವುದೂ ಆ ಪ್ರಶ್ನೆಗೆ ಅವರು ಕೊಡುವ ಉತ್ತರವನ್ನೇ ಅವಲಂಬಿಸಿರುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಮಲೆನಾಡಿನ ತಾಲೂಕುಗಳಲ್ಲಿ ತೋಟದ ಉತ್ಪನ್ನವೊಂದನ್ನೇ ನಂಬಿ ಮನೆಯ ಮಕ್ಕಳೆಲ್ಲರೂ ಊರಿನಲ್ಲಿ ನಿಲ್ಲುವ ಕಾಲವು ಹೋಗಿದೆ. ಕೈಯಲ್ಲಿ ಕಸುಬಿದ್ದವನೂ ಅದನ್ನು ಬಿಟ್ಟು ಪಟ್ಟಣದ ದಾರಿ ಹಿಡಿಯುತ್ತಿರುವನು. ಇಂಥ ಹೊತ್ತಿನಲ್ಲಿ ನಾಲ್ಕು ಜನರು ಕೂಡಿ ಕಸುಬನ್ನು ಉಳಿಸುವ ಮಾತಾಡಿದರೆ, ಅದನ್ನು ಗೃಹಸ್ಥರಾದವರು ಕಿವಿಗೊಟ್ಟು ಕೇಳಬೇಕು.

ಮೊದಲು ಆ ಕೋಲಿನ ಸಂಗತಿಯನ್ನು ತಿಳಿದುಕೊಳ್ಳೋಣ. ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಆಟಗಳೆಲ್ಲ ಒಂದೇ ಕುಲದವು. ಹಸುರು ಬಟ್ಟೆಯನ್ನು ಹೊದಿಸಿದ ಮೇಜಿನ ಮೇಲೆ ಚೆಂಡುಗಳನ್ನು ಕೋಲಿನ ತುದಿಯಿಂದ ತಳ್ಳಿ ಆಡುವ ಆಟಗಳಿವು. ಸ್ನೂಕರ್ ಆಟವಂತೂ ನಮ್ಮ ದೇಶದಲ್ಲಿಯೇ ಹುಟ್ಟಿತು. ೧೮೭೫ರಲ್ಲಿ ಜಬಲ್ಪುರದ ಸೈನ್ಯದ ಠಾಣ್ಯದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿಯು ಅದನ್ನು ಹೂಡಿದನೆಂದೂ, ೧೮೮೨ರಲ್ಲಿ ಉದಕಮಂಡಲದ ಕ್ಲಬ್ಬಿನಲ್ಲಿ ಅದರ ನಿಯಮಗಳು ಬರವಣಿಗೆಗೆ ಬಂದವೆಂದೂ ಆಟದ ಇತಿಹಾಸಕಾರರು ಹೇಳುವರು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಪಂಕಜ ಅಡ್ವಾಣಿಯವರು ೨೦೦೩ರಲ್ಲಿ ಸ್ನೂಕರ್ ಆಟದ ಜಾಗತಿಕ ಪ್ರಶಸ್ತಿಯನ್ನು ಗೆದ್ದ ಮೇಲೆ ಈ ಆಟದ ಹೆಸರು ಕನ್ನಡಿಗರ ಮನೆಗಳಲ್ಲಿಯೂ ಕೇಳಬರತೊಡಗಿತು.

ಆಟಗಾರರು ಈ ಕೋಲನ್ನು ಕ್ಯೂ ಎನ್ನುವರು. ನೋಡುವವನ ಕಣ್ಣಿಗೆ ಅದು ಒಂದು ನುಣುಪಾದ ಬೆತ್ತದಂತೆ ಕಾಣುವುದು. ಆದರೆ ಅದರೊಳಗಿನ ಕೆಲಸವು ಬಹಳ. ಮುಂಭಾಗವನ್ನು ಸಾಮಾನ್ಯವಾಗಿ ಪರದೇಶದ ಆ್ಯಶ್ ಅಥವಾ ಮೇಪಲ್ ಎಂಬ ಬಿಳಿಯ ಮರದಿಂದಲೂ, ಹಿಡಿಯುವ ಹಿಂಭಾಗವನ್ನು ಕರಿಮರ, ಬೀಟೆ ಮೊದಲಾದ ತೂಕದ ಮರಗಳಿಂದಲೂ ಮಾಡುವರು. ಎರಡು ಮರಗಳು ಕೂಡುವಲ್ಲಿ ಒಂದರ ಮೊನೆಯನ್ನು ಇನ್ನೊಂದರ ಸೀಳಿನಲ್ಲಿ ಕೂರಿಸಿ, ಅಂಟಿನಿಂದ ಬಂಧಿಸಿ, ಆಮೇಲೆ ಕಡೆಯುವರು. ಆಗ ಕಪ್ಪು ಮರದಿಂದ ಬಿಳಿಯ ಮರದೊಳಕ್ಕೆ ನಾಲ್ಕು ಮೊನೆಗಳು ಚಾಚಿದಂತೆ ತೋರುವುದು. ನಾಲ್ಕೂ ಮೊನೆಗಳು ಒಂದೇ ಎತ್ತರಕ್ಕೆ ಬಂದು ನಿಲ್ಲಬೇಕು. ಒಂದು ಮೊನೆಯು ಕೂದಲೆಳೆಯಷ್ಟು ಗಿಡ್ಡವಾದರೂ ಬಲ್ಲವನ ಕಣ್ಣು ಅಲ್ಲಿಗೇ ಹೋಗುವುದು. ಪೂಲ್ ಆಟದ ಕೋಲು ಎರಡು ತುಂಡಾಗಿದ್ದು ನಡುವೆ ತಿರುಪಿನಿಂದ ಕೂಡುವುದು. ತುದಿಗೆ ತೊಗಲಿನ ಬಿಲ್ಲೆಯನ್ನು ಅಂಟಿಸುವ ಪದ್ಧತಿಯು ೧೯ನೆಯ ಶತಮಾನದ ಆದಿಯಲ್ಲಿ ಮಿಂಗೋ ಎಂಬ ಫ್ರೆಂಚ್ ಗೃಹಸ್ಥನಿಂದ ಬಂದಿತು. ಪೂಲ್ ಆಟದ ನಿಯಮದಂತೆ ಕೋಲು ಸುಮಾರು ೭೦೯ ಗ್ರಾಮಿಗಿಂತ ಹೆಚ್ಚು ತೂಗಬಾರದು, ೪೦ ಅಂಗುಲಕ್ಕಿಂತ ಗಿಡ್ಡವಾಗಿರಬಾರದು, ತುದಿಯು ೧೪ ಮಿಲಿಮೀಟರಿಗಿಂತ ದಪ್ಪವಿರಬಾರದು.

ಎಲ್ಲಕ್ಕಿಂತ ಕಠಿನವಾದದ್ದು ಕೋಲನ್ನು ನೆಟ್ಟಗೆ ಉಳಿಸುವುದು. ಮರವು ಕಡಿದ ಮೇಲೆಯೂ ಗಾಳಿಯ ತೇವವನ್ನು ಹೀರಿ ಉಬ್ಬುವುದು, ಒಣಗಿ ಕುಗ್ಗುವುದು. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ಬಿಗಿಯುವುದನ್ನು ಕಂಡವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದುದರಿಂದ ಬಲ್ಲ ಕುಶಲಿಯು ಒಂದೇ ಸಲಕ್ಕೆ ಕೋಲನ್ನು ಕಡೆದು ಮುಗಿಸುವುದಿಲ್ಲ. ಸ್ವಲ್ಪ ಕಡೆದು ತಿಂಗಳುಗಟ್ಟಲೆ ನೇತುಹಾಕುವನು. ಅದು ಎತ್ತ ಬಾಗುವುದೆಂದು ನೋಡಿ ಮತ್ತೆ ಸ್ವಲ್ಪ ಕಡೆಯುವನು. ಬಾಗಿದ್ದನ್ನು ಎಸೆಯುವನು. ಎಸೆಯುವ ಧೈರ್ಯವಿಲ್ಲದವನು ಈ ಕಸುಬಿಗೆ ಸಲ್ಲನು.

ಈಗ ಹೇಳಿ ಮಾಡಿಸುವ ಮಾತು. ಕಾರ್ಖಾನೆಯ ಕೋಲು ಎಲ್ಲರಿಗೂ ಒಂದೇ. ಹೇಳಿ ಮಾಡಿಸಿದ ಕೋಲಾದರೋ ಆಟಗಾರನ ತೋಳಿನ ಉದ್ದ, ಹಿಡಿತ, ರುಚಿ ಇವುಗಳನ್ನು ಅನುಸರಿಸಿರುವುದು. ಅಮೇರಿಕದಲ್ಲಿ ಈ ಕಸುಬಿಗೆ ಕೀರ್ತಿಯನ್ನು ತಂದವನು ಜಾರ್ಜ್ ಬಾಲಬುಷ್ಕಾ. ಈತನು ೧೯೧೨ರಲ್ಲಿ ರಶಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನ್ಯೂಯಾರ್ಕಿಗೆ ಬಂದು, ಮರಗೆಲಸದಿಂದ ಜೀವಿಸುತ್ತಿದ್ದನು. ೧೯೫೯ರಿಂದ ಕ್ಯೂಗಳನ್ನು ಮಾಡತೊಡಗಿ, ೧೯೭೫ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸದಲ್ಲಿದ್ದನು. ಅವನ ಕೋಲುಗಳಿಗೆ ಇಂದು ಹಳೆಯ ಪಿಟೀಲುಗಳಿಗಿರುವಂತೆ ಬೆಲೆಯಿದೆ. ಆದರೆ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಒಂದನೆಯದು, ಕೂಡಿಸಿದ ಮರದ ದಿಮ್ಮಿಗಳನ್ನು ಅವನು ಬರ್ಟನ್ ಸ್ಪೇನ್, ಗಸ್ ಸ್ಯಾಂಬೋಟಿ ಮೊದಲಾದ ಬೇರೆ ಕುಶಲಿಗಳಿಂದ ಕೊಳ್ಳುತ್ತಿದ್ದನು. ಒಬ್ಬನ ಹೆಸರಿನ ಹಿಂದೆ ಹಲವರ ಕೈಗಳಿದ್ದವು. ಎರಡನೆಯದು, ಅವನ ಹೆಸರಿನಲ್ಲಿ ಕೃತಕ ಕೋಲುಗಳನ್ನು ಮಾರುವವರು ಹೆಚ್ಚಿದರು. ಕೊಳ್ಳುವವನಿಗೆ ನಿಜ ಯಾವುದು, ಸುಳ್ಳು ಯಾವುದು ಎಂಬುದನ್ನು ಹೇಳುವವರು ಬೇಕಾದರು. ಒಬ್ಬಂಟಿಯಾದ ಕುಶಲಿಗೆ ಸಹಾಯವೂ ಸಾಕ್ಷಿಯೂ ಬೇಕೆಂಬುದು ಇದರಿಂದ ತಿಳಿಯುವುದು. ೧೯೯೨ರಲ್ಲಿ ಅಲ್ಲಿಯ ಕೆಲವರು ಕೂಡಿ ಅಮೇರಿಕದ ಕ್ಯೂ ತಯಾರಕರ ಸಂಘವನ್ನು ಸ್ಥಾಪಿಸಿದರು. ತಮ್ಮ ಕೆಲಸವು ಸಂಗ್ರಹಿಸಿಡಲು ಯೋಗ್ಯವಾದ ಕಲೆಯೆಂದು ಲೋಕಕ್ಕೆ ಮನಗಾಣಿಸುವುದೇ ಅದರ ಉದ್ದೇಶವಾಗಿತ್ತು.

ಇಂಥ ಕೂಟವು ಪರದೇಶದ ಕಲ್ಪನೆಯೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಅದಕ್ಕೆ ಶ್ರೇಣಿಯೆಂಬ ಹೆಸರು ಬಹು ಪುರಾತನವಾದದ್ದು. ಮಾಳವದ ದಶಪುರದಲ್ಲಿ, ಎಂದರೆ ಈಗಿನ ಮಂದಸೋರಿನಲ್ಲಿ, ರೇಷ್ಮೆಯ ನೇಕಾರರ ಶ್ರೇಣಿಯೊಂದು ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿ, ಮುಂದೆ ಅದನ್ನು ತಾನೇ ಜೀರ್ಣೋದ್ಧಾರ ಮಾಡಿಸಿದ ಸಂಗತಿಯು ಶಾಸನದಲ್ಲಿದೆ. ನಮ್ಮ ನಾಡಿನಲ್ಲಿ ಐಹೊಳೆಯ ಐನೂರ್ವರ ವ್ಯಾಪಾರಸಂಘವು ಹೆಸರಾಗಿತ್ತು. ಬನವಾಸಿಗೆ ಬಹಳ ದೂರವಲ್ಲದ ಬಳ್ಳಿಗಾವೆಯಿಂದ ಹೊರಟ ದಾಸೋಜನೂ ಅವನ ಮಗ ಚಾವಣನೂ, ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಯಲ್ಲಿ ಕೆಲಸ ಮಾಡಿ, ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿದರು. ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಅಮೃತಾಪುರದಲ್ಲಿಯೂ ಸೋಮನಾಥಪುರದಲ್ಲಿಯೂ ಕಾಣಬರುವುದು. ಕೆಲಸಕ್ಕೆ ಹೆಸರನ್ನು ಹಾಕುವುದೆಂದರೆ ಹೊಗಳಿಕೆಯನ್ನು ಬೇಡುವುದಷ್ಟೇ ಅಲ್ಲ. ತಪ್ಪಿದ್ದರೆ ನನ್ನನ್ನು ಕೇಳಿರಿ ಎಂದು ಹೊಣೆಯನ್ನು ಹೊರುವುದೂ ಅದೇ.

ಶಿರಸಿ, ಸಿದ್ದಾಪುರಗಳವರಿಗೆ ಇನ್ನೂ ಹತ್ತಿರದ ದೃಷ್ಟಾಂತವು ಗುಡಿಗಾರರದು. ಅತ್ತ ಕುಮಟೆ, ಹೊನ್ನಾವರ, ಇತ್ತ ಸಾಗರ, ಸೊರಬ ಇಲ್ಲೆಲ್ಲ ಹರಡಿರುವ ಈ ಮನೆತನಗಳವರು ಗೋವೆಯಿಂದ ಬಂದವರೆಂಬ ಹೇಳಿಕೆಯಿದೆ. ಶ್ರೀಗಂಧದ ಪೆಟ್ಟಿಗೆ, ದೇವರ ಮಂಟಪ, ಮದುವೆಯ ಬೆಂಡಿನ ಬಾಸಿಂಗ, ಚೌತಿಯ ಗಣಪತಿ ಇವೆಲ್ಲವೂ ಅವರ ಕೈಯಿಂದಲೇ ಬರತಕ್ಕವು. ಬಾಸಿಂಗವನ್ನು ಯಾರೂ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟದ್ದರಿಂದ ಆರಿಸಿ ತರುತ್ತಿರಲಿಲ್ಲ. ಲಗ್ನವು ಗೊತ್ತಾದೊಡನೆ ಗುಡಿಗಾರರ ಮನೆಗೆ ಹೇಳಿಕಳುಹಿಸುತ್ತಿದ್ದರು. ಹೇಳಿ ಮಾಡಿಸುವುದೆಂಬುದು ನಮ್ಮ ಹಿರಿಯರಿಗೆ ಶ್ರೀಮಂತರ ವಿಲಾಸವಾಗಿರಲಿಲ್ಲ. ಅದು ಮನೆಮನೆಯ ವಾಡಿಕೆಯಾಗಿತ್ತು.

ಆದರೆ ಗುಡಿಗಾರರ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇರುವುದು. ಅವರು ಆನೆಯ ದಂತದಲ್ಲಿಯೂ ಕೆತ್ತುತ್ತಿದ್ದರು. ವನ್ಯಜೀವಿಗಳ ಕಾಯಿದೆಗೆ ೧೯೮೬ರಲ್ಲಿ ಆದ ತಿದ್ದುಪಡಿಯಿಂದ ಈ ದೇಶದ ಆನೆಯ ದಂತದ ವ್ಯಾಪಾರವೂ, ೧೯೯೧ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ನಿಂತವು. ಆನೆಗಳ ಉಳಿವಿಗಾಗಿ ಅದು ನ್ಯಾಯವಾದದ್ದೇ. ಶ್ರೀಗಂಧವಾದರೋ ಬಹುಕಾಲ ಸರ್ಕಾರದ ಸೊತ್ತಾಗಿದ್ದು, ೨೦೦೧ರ ತಿದ್ದುಪಡಿಯ ಮೇಲೆಯೇ ತನ್ನ ನೆಲದಲ್ಲಿ ಬೆಳೆದ ಗಂಧದ ಮರಕ್ಕೆ ಒಕ್ಕಲಿಗನು ಒಡೆಯನಾಗುವಂತಾಯಿತು. ಕಳವಿನಿಂದಲೂ ಕಡಿತದಿಂದಲೂ ಮರವು ಅಪರೂಪವಾಗಿ ಬೆಲೆಯು ಏರಿದಾಗ, ಉಳಿಯು ಕೈಯಲ್ಲಿದ್ದರೂ ಮರವು ಕೈಗೆ ಎಟುಕದಾಯಿತು. ವಸ್ತುವನ್ನೇ ನಂಬಿದ ಕಸುಬು ವಸ್ತುವಿನೊಡನೆ ಹೋಗುವುದು. ಕೈಯ ಹದವನ್ನು ನಂಬಿದ ಕಸುಬು ಬೇರೆ ವಸ್ತುವನ್ನು ಹಿಡಿದಾದರೂ ನಿಲ್ಲುವುದು. ದಂತವು ಹೋದ ಮೇಲೆ ಬೇರೆ ಮರಗಳಲ್ಲಿ ಕೆತ್ತಿದವರೇ ಕಸುಬನ್ನು ಉಳಿಸಿಕೊಂಡವರು.

ಮಂಚಿಕೇರಿಯ ಮಿತ್ರರು ಇದನ್ನು ಮೊದಲೇ ಲೆಕ್ಕಕ್ಕೆ ತಂದುಕೊಳ್ಳಲಿ. ಸುತ್ತಲಿನ ಕಾಡಿನಲ್ಲಿ ಬೀಟೆಯಿದೆಯೆಂದ ಮಾತ್ರಕ್ಕೆ ಅದು ನಮ್ಮದಲ್ಲ. ತೋಟಿಗರಿಗೆ ಬೆಟ್ಟದಲ್ಲಿ ಸೊಪ್ಪು ದರಕುಗಳ ಹಕ್ಕಿರುವುದೇ ಹೊರತು ಬೀಟೆಯನ್ನು ಕಡಿಯುವ ಹಕ್ಕಿಲ್ಲ. ಮರವನ್ನು ಅರಣ್ಯ ಇಲಾಖೆಯ ಹರಾಜಿನಿಂದಲೋ ಲೈಸೆನ್ಸು ಪಡೆದ ವ್ಯಾಪಾರಿಯಿಂದಲೋ ರಸೀತಿಯೊಡನೆ ಕೊಳ್ಳಬೇಕು. ಅದಲ್ಲದೆ ೨೦೧೭ರ ಜನವರಿಯಿಂದ ಬೀಟೆಯ ಜಾತಿಯ ಮರಗಳೆಲ್ಲವೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ಒಳಪಟ್ಟಿರುವುದರಿಂದ, ಅವುಗಳಿಂದ ಮಾಡಿದ ವಸ್ತುವನ್ನು ಪರದೇಶಕ್ಕೆ ಮಾರಬೇಕೆನ್ನುವವರು ಅನುಮತಿಪತ್ರದ ನಿಯಮಗಳನ್ನು ಮೊದಲು ವಿಚಾರಿಸಬೇಕು. ಮುಂಭಾಗದ ಬಿಳಿಯ ಮರವನ್ನು ಹೊರಗಿನಿಂದಲೇ ತರಿಸಬೇಕಾಗುವುದು. ಆದಕಾರಣ ಮೊದಲ ವರ್ಷಗಳಲ್ಲಿ ಹಳೆಯ ಕೋಲುಗಳ ದುರಸ್ತಿಯನ್ನೂ, ಹಿಂಭಾಗದ ಕೆಲಸವನ್ನೂ ಹಿಡಿದು, ಅದರೊಡನೆ ಕಡೆದು ಮಾಡುವ ಬೇರೆ ಗೃಹೋಪಯೋಗಿ ವಸ್ತುಗಳನ್ನೂ ಇಟ್ಟುಕೊಳ್ಳುವುದು ಮೇಲು.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಯಾರು ಒಳಗೆ, ಯಾರು ಹೊರಗೆ?

ಯುರೋಪಿನ ಹಳೆಯ ಕಸುಬಿನ ಸಂಘಗಳು ಈ ಪ್ರಶ್ನೆಗೆ ಕೊಟ್ಟ ಉತ್ತರವು ಮೊದಲು ಚೆನ್ನಾಗಿತ್ತು. ಬಾಲಕನು ಗುರುವಿನ ಮನೆಯಲ್ಲಿ ಕೆಲವು ವರ್ಷ ಕಲಿತು, ಕೂಲಿಗೆ ದುಡಿದು, ಕೊನೆಗೆ ತಾನೇ ಒಂದು ಪರೀಕ್ಷಾಕೃತಿಯನ್ನು ಮಾಡಿ ಹಿರಿಯರ ಮುಂದಿಡಬೇಕಾಗಿತ್ತು. ಅವರು ಒಪ್ಪಿದರೆ ಅವನೂ ಗುರುವಾಗುವನು. ಲಂಡನ್ನಿನ ಅಕ್ಕಸಾಲೆಗಳ ಸಂಘವು ೧೪೭೮ರಿಂದ ಬೆಳ್ಳಿಬಂಗಾರದ ಒಡವೆಗಳನ್ನು ತನ್ನ ಹಾಲಿಗೆ, ಎಂದರೆ ಸಭಾಭವನಕ್ಕೆ, ತರಿಸಿ ಒರೆಹಚ್ಚಿ ಮುದ್ರೆಯನ್ನು ಒತ್ತತೊಡಗಿತು. ನಾವು ಇಂದು ಬಂಗಾರವನ್ನು ಕೊಳ್ಳುವಾಗ ಕೇಳುವ ಹಾಲ್‌ಮಾರ್ಕ್ ಎಂಬ ಮಾತು ಬಂದದ್ದು ಅಲ್ಲಿಂದಲೇ. ನಮ್ಮ ದೇಶದಲ್ಲಿ ಬಂಗಾರಕ್ಕೆ ಈ ಮುದ್ರೆಯು ೨೦೦೦ದಲ್ಲಿ ಬಂದು, ೨೦೨೧ರಿಂದ ಹಲವು ಜಿಲ್ಲೆಗಳಲ್ಲಿ ಕಡ್ಡಾಯವಾಯಿತು.

ಆದರೆ ಕಾಲಕ್ರಮದಲ್ಲಿ ಆ ಸಂಘಗಳು ಕೆಟ್ಟವು. ಗುರುಗಳ ಮಕ್ಕಳಿಗೆ ಶುಲ್ಕವು ಕಡಿಮೆ, ಪರೀಕ್ಷೆಯು ಸುಲಭ. ಹೊರಗಿನವನಿಗೆ ಶುಲ್ಕವು ಹೆಚ್ಚು, ಪರೀಕ್ಷೆಯು ಕಠಿನ. ಕಲಿತವನು ತಲೆ ನರೆತರೂ ಕೂಲಿಯವನಾಗಿಯೇ ಉಳಿಯುವಂತಾಯಿತು. ಹೊಸ ಉಪಕರಣಗಳನ್ನು ತಂದವನಿಗೆ ತಡೆಯಾಯಿತು. ಕೊನೆಗೆ ೧೭೯೧ರಲ್ಲಿ ಫ್ರಾನ್ಸಿನ ಕ್ರಾಂತಿಸಭೆಯು ಅವುಗಳನ್ನು ಒಮ್ಮೆಗೇ ತೊಡೆದುಹಾಕಿತು. ನಮ್ಮಲ್ಲಿಯೂ ಕಸುಬು ಜಾತಿಯೊಡನೆ ಗಂಟುಬಿದ್ದಾಗ ಇದೇ ದೋಷವು ಬೇರೆ ರೂಪದಲ್ಲಿ ಬಂದಿತು. ಮನೆತನದಲ್ಲಿ ಕಲಿಯುವ ಮನಸ್ಸಿನ ಮಗನಿಲ್ಲದಿದ್ದರೆ ವಿದ್ಯೆಯು ಗುರುವಿನೊಡನೆಯೇ ಸುಡುಗಾಡನ್ನು ಸೇರಿತು. ಕಲಿಯುವ ಮನಸ್ಸಿದ್ದ ನೆರೆಮನೆಯ ಹುಡುಗನು ಜಗಲಿಯಾಚೆಗೆ ನಿಂತು ನೋಡಿದನು.

ಆದುದರಿಂದ ನಮ್ಮ ಉತ್ತರವು ಇದು: ಆಯ್ಕೆಯಿರಲಿ, ಆದರೆ ಅದು ಕೆಲಸದ ಆಯ್ಕೆಯಾಗಿರಲಿ. ಹುಟ್ಟಿನ ಆಯ್ಕೆಯಾಗದಿರಲಿ. ಯಲ್ಲಾಪುರದ ಸೀಮೆಯಲ್ಲಿ ಆಚಾರಿಗಳಿದ್ದಾರೆ, ಗುಡಿಗಾರರ ನೆಂಟರಿದ್ದಾರೆ, ಹವ್ಯಕರ ಹುಡುಗರಿದ್ದಾರೆ, ಕಾಡಿನ ಮರಗಳ ಗುಣವನ್ನು ಬಲ್ಲ ಸಿದ್ದಿಗಳಿದ್ದಾರೆ. ಇವರಲ್ಲಿ ಯಾರ ಕೋಲು ನೆಟ್ಟಗಿರುವುದೋ ಅವರು ಒಳಗೆ. ಹೆಣ್ಣುಮಕ್ಕಳಿಗೂ ಇದೇ ಮಾತು. ಮೆರುಗು ಹಾಕುವುದರಲ್ಲಿಯೂ ಸಣ್ಣ ತುಂಡುಗಳನ್ನು ಕೂರಿಸುವುದರಲ್ಲಿಯೂ ಅವರ ತಾಳ್ಮೆಯು ಗಂಡಸರಿಗೆ ಕಡಿಮೆಯದಲ್ಲ.

ಇದು ಬರಿಯ ಉಪದೇಶವೆಂದು ತೋರಿದರೆ, ಈ ಮೂರು ತಾಲೂಕುಗಳವರಿಗೆ ಚೆನ್ನಾಗಿ ತಿಳಿದ ಅಡಿಕೆಯ ಮಾತನ್ನೇ ತೆಗೆದುಕೊಳ್ಳಲಿ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ವಿಂಗಡಿಸುವವನು ಅಡಿಕೆಯನ್ನು ಒಡೆದು ನೋಡುವನೇ ಹೊರತು ತೋಟದ ಒಡೆಯನ ಗೋತ್ರವನ್ನು ಕೇಳುವುದಿಲ್ಲ. ಬಿಡಿಬಿಡಿಯಾಗಿ ಮಾರಿ ನಷ್ಟಪಡುತ್ತಿದ್ದ ತೋಟಿಗರು ೧೯೨೩ರಲ್ಲಿ ಶಿರಸಿಯಲ್ಲಿ ಸಹಕಾರಿ ವಿಕ್ರಯ ಸಂಘವನ್ನು ಕಟ್ಟಿದರು. ೨೦೧೯ರಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಗೆ ಶಿರಸಿ ಸುಪಾರಿ ಎಂಬ ಭೌಗೋಳಿಕ ಗುರುತು ದೊರೆಯಿತು. ಅಡಿಕೆಗೆ ಆದದ್ದು ಕೈಕಸುಬಿಗೆ ಏಕೆ ಆಗಬಾರದು? ಆದರೆ ಒಂದು ಭೇದವನ್ನು ಅರಿಯಬೇಕು. ವಿಕ್ರಯ ಸಂಘದ ಬಾಗಿಲು ಬೆಳೆದವರೆಲ್ಲರಿಗೂ ತೆರೆದಿರಬೇಕು, ಏಕೆಂದರೆ ಅದರ ಕೆಲಸವು ಮಾರುವುದು. ಕುಶಲಿಗಳ ಶ್ರೇಣಿಯ ಕೆಲಸವು ಸಾಕ್ಷಿ ಹೇಳುವುದು. ಎಲ್ಲರ ಕೆಲಸಕ್ಕೂ ಒಳ್ಳೆಯದೆಂದು ಹೇಳುವ ಸಾಕ್ಷಿಯನ್ನು ಯಾರೂ ನಂಬರು.

ಈ ದೃಷ್ಟಿಯಿಂದ ಕೆಲವು ಸೂಚನೆಗಳನ್ನು ಕೊಡುತ್ತೇವೆ. ಕರ್ನಾಟಕದ ೧೯೬೦ರ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನರಿದ್ದರೆ ಸಂಘವನ್ನು ನೋಂದಾಯಿಸಬಹುದು. ಏಳು ಜನ ಒಳ್ಳೆಯ ಕುಶಲಿಗಳು ದೊರೆಯದಿದ್ದರೆ ಆಟಗಾರರನ್ನೂ ಹಿತೈಷಿಗಳಾದ ಗೃಹಸ್ಥರನ್ನೂ ಕೂಡಿಸಿಕೊಳ್ಳಬಹುದು; ಆದರೆ ಮುದ್ರೆಯನ್ನು ಒತ್ತುವ ಅಧಿಕಾರವು ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಇರಲಿ. ಪರೀಕ್ಷೆಗೆ ಇಟ್ಟ ಕೋಲಿನ ಮೇಲೆ ಮಾಡಿದವನ ಹೆಸರಿರಬಾರದು, ಅಂಕೆಯೊಂದೇ ಇರಬೇಕು. ಸ್ಥಾಪಕರೂ ಇದೇ ಪರೀಕ್ಷೆಗೆ ತಮ್ಮ ಕೋಲನ್ನು ಇಡಬೇಕು. ನೋಡುವವರಲ್ಲಿ ಒಬ್ಬನಾದರೂ ಹೊರಗಿನ ಆಟಗಾರನಿರಬೇಕು. ಒಮ್ಮೆ ನೋಡಿ ಒಪ್ಪಬಾರದು. ಬೇಸಿಗೆಯಲ್ಲಿ ನೋಡಿದ ಕೋಲನ್ನು ಮಳೆಗಾಲವು ಕಳೆದ ಮೇಲೆ ಮತ್ತೊಮ್ಮೆ ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಬೇಕು. ಮಲೆನಾಡಿನ ಮಳೆಗಿಂತ ನಿಷ್ಠುರನಾದ ಪರೀಕ್ಷಕನು ಬೇರೆಯಿಲ್ಲ. ಸೋತವನಿಗೆ ಏಕೆ ಸೋತನೆಂಬುದನ್ನು ತೋರಿಸಿ, ಮುಂದಿನ ವರ್ಷ ಮತ್ತೆ ಬರಲು ಹೇಳಬೇಕು.

ಒಪ್ಪಿತವಾದ ಕೋಲಿಗೆ ಸಂಘದ ಮುದ್ರೆಯೊಡನೆ ಮಾಡಿದವನ ಹೆಸರೂ ವರ್ಷವೂ ಇರಲಿ. ಯಾವ ಮರ, ಎಲ್ಲಿ ಕೊಂಡದ್ದು, ಯಾರಿಗೆ ಮಾರಿದ್ದು ಎಂಬುದು ದಫ್ತರದಲ್ಲಿರಲಿ. ೧೯೯೯ರ ವ್ಯಾಪಾರ ಮುದ್ರೆಗಳ ಕಾಯಿದೆಯಲ್ಲಿ ಸಂಘದ ಸದಸ್ಯರೆಲ್ಲರೂ ಬಳಸುವ ಸಾಮೂಹಿಕ ಮುದ್ರೆಗೆ ಅವಕಾಶವಿದೆ. ಮುದ್ರೆಯಿದ್ದ ಕೋಲು ಬಾಗಿದರೆ ಮಾಡಿದವನು ಸರಿಪಡಿಸಿಕೊಡಬೇಕು, ಅವನಿಂದಾಗದಿದ್ದರೆ ಸಂಘವು ಮಾಡಿಸಿಕೊಡಬೇಕು. ಬೆಲೆಯನ್ನು ಎಲ್ಲರೂ ಕೂಡಿ ಏರಿಸುವ ಒಳಒಪ್ಪಂದಕ್ಕೆ ಇಳಿಯಬಾರದು, ಏಕೆಂದರೆ ಗಿರಾಕಿಯ ನಂಬಿಕೆಯನ್ನು ಒಮ್ಮೆ ಕಳೆದುಕೊಂಡರೆ ಮುದ್ರೆಯು ಬರಿಯ ಮಸಿಯಾಗುವುದು. ಕೊನೆಯದಾಗಿ, ಮುದ್ರೆಯನ್ನು ಪಡೆದ ಪ್ರತಿಯೊಬ್ಬನೂ ತನ್ನ ಮನೆಯವನಲ್ಲದ ಒಬ್ಬ ಶಿಷ್ಯನಿಗೆ ಕಲಿಸಬೇಕು. ಈ ಒಂದು ನಿಯಮವಿಲ್ಲದ ಶ್ರೇಣಿಯು ಎರಡು ತಲೆಮಾರಿನಲ್ಲಿ ನೆಂಟರ ಕೂಟವಾಗುವುದು.

ಗೃಹಸ್ಥರಾದ ವಾಚಕರಿಗೂ ಒಂದು ಮಾತು. ನಮ್ಮ ಮನೆಗಳಲ್ಲಿ ಬಿಲಿಯರ್ಡ್ಸ್ ಆಡುವವರು ವಿರಳವಾಗಿರಬಹುದು. ಆದರೆ ದೇವರ ಮಂಟಪ, ತೊಟ್ಟಿಲು, ಮಣೆ, ಬಾಗಿಲುಗಳು ಎಲ್ಲರಿಗೂ ಬೇಕು. ಅವುಗಳನ್ನು ಮಾಡಿಸುವಾಗ ನಾವು ಎರಡು ತಪ್ಪುಗಳನ್ನು ಮಾಡುವೆವು. ಅತಿ ಅಗ್ಗವಾಗಿ ಕೇಳುವೆವು, ಅತಿ ಬೇಗನೆ ಕೇಳುವೆವು. ಮರವು ಒಣಗಲು ಬೇಕಾದ ಕಾಲವನ್ನು ಕೊಡದವನಿಗೆ ಬಾಗಿದ ಬಾಗಿಲೇ ದೊರೆಯುವುದು. ಮುಂಗಡವನ್ನು ಕೊಟ್ಟು, ಕಾಯ್ದು, ಮಾಡಿದವನ ಹೆಸರನ್ನು ಕೇಳಿ, ಅದನ್ನು ವಸ್ತುವಿನ ಮೇಲೆ ಬರೆಯಿಸುವುದು ಒಳ್ಳೆಯ ಗಿರಾಕಿಯ ಲಕ್ಷಣ. ಹಾಗೆಯೇ ಮಕ್ಕಳಲ್ಲಿ ಯಾರಿಗಾದರೂ ಉಳಿ, ಕೀಸುಳಿಗಳ ಕಡೆಗೆ ಮನಸ್ಸು ಓಡಿದರೆ, ಓದಿನಲ್ಲಿ ಹಿಂದೆಬಿದ್ದವನೆಂದು ಅವನನ್ನು ಜರೆಯದೆ ಕಲಿಯಲು ಬಿಡಬೇಕು.

ಮಂಚಿಕೇರಿಯ ಮಿತ್ರರು ಕೋಲನ್ನೇ ಮಾಡಲಿ, ಬೇರೇನನ್ನೇ ಮಾಡಲಿ, ಸಂಘದ ನಿಯಮಗಳನ್ನು ಬರೆಯುವ ಮೊದಲು ತಮ್ಮಲ್ಲಿ ಪ್ರತಿಯೊಬ್ಬರೂ ಒಂದೊಂದು ಕೋಲನ್ನು ಮಾಡಿ, ಬರುವ ಮಳೆಗಾಲವನ್ನು ಅದಕ್ಕೆ ದಾಟಿಸಲಿ. ದೀಪಾವಳಿಯ ಹೊತ್ತಿಗೆ ಯಾವ ಕೋಲುಗಳು ನೆಟ್ಟಗಿರುವವೋ ಅವುಗಳನ್ನು ಮಾಡಿದವರೇ ಮೊದಲ ಸಭೆಯನ್ನು ಕರೆಯಲಿ.